ಮೊಟ್ಟೆಗೂ ಮುಂಚಿನ ಕರುಣೆ

ಊರು ಕ್ಯಾಲಿಫೋರ್ನಿಯದ ಫ್ರೀಮಾಂಟ್. ಕಾಲ ಫೆಬ್ರವರಿಯ ಮೊದಲ ವಾರ. ಮಾತಾಡುತ್ತಿರುವವರು ಇಬ್ಬರು ಕನ್ನಡಿಗರು. ಆತ, ಹಿತ್ತಲಲ್ಲಿ ಈಜುಕೊಳವಿರುವ ಮನೆಯನ್ನು ಹೊಸದಾಗಿ ಕೊಂಡವನು. ಆಕೆ, ಅದೇ ಬೀದಿಯಲ್ಲಿ ಬಹುಕಾಲದಿಂದ ಇದ್ದು, ವಸಂತ ಬಂತೆಂದರೆ ಪಕ್ಷಿಗಳ ಆರೈಕೆ ಕೇಂದ್ರಕ್ಕೆ ಕೆಲಸಕ್ಕೆ ಹೋಗುವವರು.

ಆತ: ದಿನಾ ಬೆಳಿಗ್ಗೆ ಎರಡು ಬಾತುಗಳು ಕೊಳಕ್ಕೆ ಇಳಿಯುತ್ತಿವೆ. ಗಂಡಿನ ತಲೆ ಹೊಳೆಯುವ ಹಸಿರು, ಹೆಣ್ಣು ಪೂರ್ತಿ ಕಂದು. ಮಲ್ಲಾರ್ಡ್ ಎಂದು ತಿಳಿಯಿತು. ನೋಡಲು ಚೆಂದವೇ. ಆದರೆ ಅಂಚಿನ ಕಲ್ಲಿನ ಮೇಲೆಲ್ಲ ಹಿಕ್ಕೆ, ನೀರಿನಲ್ಲಿ ಪುಕ್ಕ. ಮಗಳಿಗೆ ಮೂರು ವರ್ಷ. ಬೇಸಿಗೆಗೆ ಅವಳನ್ನು ಇದೇ ನೀರಿಗೆ ಇಳಿಸಬೇಕು. ಬಾತುಗಳು ಹೋಗಬೇಕು, ಆದರೆ ಅವಕ್ಕೆ ನೋವಾಗಬಾರದು. ಏನು ಮಾಡಲಿ?

ಆಕೆ: ಮೊದಲು ಇದು ಹೇಳಿ, ಗೂಡು ಕಟ್ಟಿವೆಯಾ? ಪೊದೆಯ ಬುಡ, ದೊಡ್ಡ ಹೂಕುಂಡ, ಬೇಲಿಯ ಮೂಲೆ ಎಲ್ಲ ನೋಡಿದಿರಾ?

ಆತ: ನೋಡಿದೆ. ಎಲ್ಲೂ ಇಲ್ಲ. ಅದನ್ನೇ ಮೊದಲು ಕೇಳಿದ್ದೇಕೆ?

ಆಕೆ: ಮುಂದಿನ ಎಲ್ಲ ಮಾತೂ ಅದರ ಮೇಲೆ ನಿಂತಿದೆ, ಅದಕ್ಕೆ. ಈಗ ಅವು ಜಾಗ ಹುಡುಕುತ್ತಿವೆ. ನಮ್ಮ ಕಡೆ ಜೋಡಿಗಳು ಫೆಬ್ರವರಿ ಹೊತ್ತಿಗೆ ಸುತ್ತಾಡಲು ಶುರುಮಾಡುತ್ತವೆ, ಮಾರ್ಚ್, ಏಪ್ರಿಲ್‌ನಲ್ಲಿ ಮೊಟ್ಟೆ ಇಡುತ್ತವೆ. ದಿನಕ್ಕೊಂದರಂತೆ 8ರಿಂದ 13 ಮೊಟ್ಟೆ. ಆಮೇಲೆ ತಾಯಿ ಸುಮಾರು 28 ದಿನ ಕಾವು ಕೂರುತ್ತದೆ. ಈ ವಾರ ನೀವು ಎದುರಿಸುತ್ತಿರುವುದು ಎರಡು ಹಕ್ಕಿಗಳನ್ನು. ಅವಕ್ಕೆ ರೆಕ್ಕೆಯಿದೆ, ಇಲ್ಲಿ ಬೇಡವೆನಿಸಿದರೆ ಹಾರಿ ಹೋಗುತ್ತವೆ, ಅವಕ್ಕೇನೂ ನಷ್ಟವಿಲ್ಲ. ಒಂದು ತಿಂಗಳು ಬಿಟ್ಟರೆ ನೀವು ಏನು ಮಾಡಿದರೂ ಒಂದು ಸಂಸಾರ ಒಡೆಯುತ್ತದೆ. ಹಕ್ಕಿಯ ಮೇಲೆ ಕರುಣೆ ಇದೆ ಅನ್ನುವವರು ಅದನ್ನು ತೋರಿಸಬೇಕಾದ್ದು ಮೊಟ್ಟೆ ಬೀಳುವ ಮುಂಚೆ.

ಆತ: ನನ್ನ ಹೆಂಡತಿ ಬೇರೆಯೇ ಹೇಳುತ್ತಾಳೆ. ಇದ್ದುಕೊಳ್ಳಲಿ ಬಿಡಿ, ನೀರು ನಮ್ಮದೊಬ್ಬರದೇ ಏನಲ್ಲವಲ್ಲ, ಮರಿ ಮಾಡಿದರೆ ಮಗಳೂ ನೋಡುತ್ತಾಳೆ ಅಂತ. ಆ ಮಾತೂ ನ್ಯಾಯವೇ ಅನ್ನಿಸುತ್ತದೆ.

ಆಕೆ: ಮನಸ್ಸು ದೊಡ್ಡದು. ಆದರೆ ಆ ಕೊಳ ಬಾತುಮರಿಗೆ ಎಂಥ ಜಾಗ ಅನ್ನುವುದನ್ನು ಅವರಿಗೆ ಹೇಳಿ. ಮೇಲಿನಿಂದ ನೋಡಿದ ಹಕ್ಕಿಗೆ ಅದು ಕೆರೆಯ ಹಾಗೆ ಕಾಣುತ್ತದೆ. ನೀರಿದೆ, ಸದ್ದಿಲ್ಲ, ಸುತ್ತ ಬೇಲಿ ಇರುವುದರಿಂದ ನರಿಯ ಭಯವಿಲ್ಲ, ಪಕ್ಕದಲ್ಲೇ ಗೂಡಿಗೆ ಪೊದೆ. ಕೆರೆಯಲ್ಲಿರುವ ಎರಡು ಸಂಗತಿ ಮಾತ್ರ ಅಲ್ಲಿಲ್ಲ. ಒಂದು ಆಹಾರ. ಕ್ಲೋರಿನ್ ಹಾಕಿದ ನೀರಿನಲ್ಲಿ ಹುಳುವಿಲ್ಲ, ಜೊಂಡಿಲ್ಲ, ಪಾಚಿಯಿಲ್ಲ. ಇನ್ನೊಂದು ದಡ.

ಆತ: ದಡವೆಂದರೆ?

ಆಕೆ: ಕೆರೆಗೆ ಇಳಿಜಾರಿನ ದಡವಿರುತ್ತದೆ, ಮರಿ ನಡೆದುಕೊಂಡೇ ಮೇಲೆ ಬರುತ್ತದೆ. ನಿಮ್ಮ ಕೊಳದ್ದು ನೆಟ್ಟಗಿನ ಗೋಡೆ, ಮೇಲೆ ಒಳಕ್ಕೆ ಚಾಚಿದ ಕಲ್ಲಿನ ಅಂಚು, ನೀರು ಅದಕ್ಕಿಂತ ನಾಲ್ಕೈದು ಅಂಗುಲ ಕೆಳಗೆ. ಮೊಟ್ಟೆಯೊಡೆದ ಒಂದು ದಿನದೊಳಗೆ ತಾಯಿ ಮರಿಗಳನ್ನು ನೀರಿಗೆ ಕರೆದೊಯ್ಯುತ್ತದೆ. ಎಲ್ಲವೂ ಒಂದರ ಹಿಂದೊಂದು ದುಮುಕುತ್ತವೆ. ಸ್ವಲ್ಪ ಹೊತ್ತಾದ ಮೇಲೆ ತಾಯಿ ರೆಕ್ಕೆ ಬಡಿದು ಅಂಚಿಗೆ ಹಾರಿ ಕೂತು ಕರೆಯುತ್ತದೆ. ಮರಿಗಳಿಗೆ ಹಾರಲು ಬರುವುದಿಲ್ಲ, ಹಾರುವ ರೆಕ್ಕೆ ಬರಲು ಐವತ್ತು ಅರವತ್ತು ದಿನ ಬೇಕು. ಗೋಡೆಗೆ ಎದೆಯೊತ್ತಿ ನೆಗೆಯುತ್ತವೆ, ಜಾರುತ್ತವೆ, ಮತ್ತೆ ನೆಗೆಯುತ್ತವೆ. ಗೋಡೆಯುದ್ದಕ್ಕೂ ಸುತ್ತು ಹಾಕುತ್ತಲೇ ಇರುತ್ತವೆ. ಅಷ್ಟು ಸಣ್ಣ ಮೈ ತನ್ನ ಬಿಸಿಯನ್ನು ಬಹಳ ಹೊತ್ತು ಹಿಡಿದಿಟ್ಟುಕೊಳ್ಳಲಾರದು. ಸುಸ್ತು ಮತ್ತು ಚಳಿ ಎರಡೂ ಸೇರಿ ಕೊಲ್ಲುತ್ತವೆ. ನೀರಿನ ಮೇಲಿನ ಕಸ ಎಳೆದುಕೊಳ್ಳುವ ಸ್ಕಿಮ್ಮರ್ ಓಡುತ್ತಿದ್ದರೆ ಮರಿಗಳನ್ನು ಅದರ ಬಾಯಿಗೆ ಎಳೆದುಕೊಳ್ಳುವುದೂ ಉಂಟು.

ಆತ: ಹಾಗಾದರೆ ಇರಲಿ ಬಿಡಿ ಅನ್ನುವುದು ದಯೆಯಾಗುವುದಿಲ್ಲ.

ಆಕೆ: ಆಗುವುದಿಲ್ಲ. ಅವುಗಳನ್ನು ಈಗಲೇ ಬೇರೆ ಕಡೆ ಹೋಗುವಂತೆ ಮಾಡುವುದು ಮಗಳಿಗೂ ಒಳ್ಳೆಯದು, ಬಾತಿಗೂ ಒಳ್ಳೆಯದು. ಇನ್ನೊಂದು ವಿಷಯ. ಒಂದು ಕಡೆ ಮರಿ ಮಾಡಿ ಗೆದ್ದ ಹೆಣ್ಣು ಮರುವರ್ಷವೂ ಅದೇ ಆಸುಪಾಸಿಗೆ ಬರುವುದು ಹೆಚ್ಚು. ಈ ವಸಂತ ಬಿಟ್ಟರೆ ಮುಂದಿನ ವಸಂತದ ಕೆಲಸ ಇನ್ನೂ ಕಷ್ಟವಾಗುತ್ತದೆ.

ಆತ: ಅಂಗಡಿಯಲ್ಲಿ ಪ್ಲಾಸ್ಟಿಕ್ ಗೂಬೆ ನೋಡಿದೆ. ಕಿವಿಗೆ ಕೇಳದ ಸದ್ದು ಮಾಡುವ ಯಂತ್ರವೂ ಇತ್ತು.

ಆಕೆ: ಎರಡಕ್ಕೂ ದುಡ್ಡು ಹಾಕಬೇಡಿ. ಅಲುಗಾಡದ ಗೂಬೆ ಸುಳ್ಳೆಂದು ಹಕ್ಕಿಗೆ ಕೆಲವೇ ದಿನಗಳಲ್ಲಿ ಗೊತ್ತಾಗುತ್ತದೆ. ಇನ್ನು ಆ ಯಂತ್ರ. ಮನುಷ್ಯನ ಕಿವಿಗೆ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ ಕೇಳಿಸುತ್ತದೆ. ಅದಕ್ಕೂ ಮೇಲಿನ ಸದ್ದನ್ನು ಬಾವಲಿ ಕೇಳುತ್ತದೆ, ನಾಯಿ ಕೇಳುತ್ತದೆ. ಹಕ್ಕಿಗಳ ಕಿವಿಯ ಮಿತಿ ನಮ್ಮದಕ್ಕಿಂತಲೂ ಕೆಳಗೆ. ನಮಗೇ ಕೇಳದ್ದು ಬಾತಿಗೆ ಹೇಗೆ ಕೇಳೀತು? ಪಕ್ಕದ ಮನೆಯ ನಾಯಿಗೆ ಹಿಂಸೆ, ಅಷ್ಟೆ.

ಆತ: ನೀರಿಗೆ ಪಾತ್ರೆ ತೊಳೆಯುವ ಸೋಪು ಬೆರೆಸಿದರೆ ಬಾತು ತೇಲಲಾರದೆ ಎದ್ದು ಹೋಗುತ್ತದೆ ಎಂದು ಒಬ್ಬರು ಹೇಳಿದರು. ಅದಕ್ಕೆಂದೇ ಮಾಡಿದ ದ್ರಾವಣವೂ ಮಾರಾಟಕ್ಕಿದೆಯಂತೆ. ವಿಷವಲ್ಲ, ಹಾಗಾಗಿ ಅಪಾಯವಿಲ್ಲ ಅಂದರು.

ಆಕೆ: ಇದೊಂದನ್ನು ಮಾತ್ರ ಖಂಡಿತ ಮಾಡಬೇಡಿ. ನಿಮ್ಮ ಕೊಳದಲ್ಲಿ ತೇಲುತ್ತಿರುವ ಒಂದು ಗರಿಯನ್ನೇ ಎತ್ತಿ ಬೆಳಕಿಗೆ ಹಿಡಿದು ನೋಡಿ. ನಡುವೆ ಒಂದು ಕಡ್ಡಿ. ಅದರ ಎರಡೂ ಕಡೆ ಒತ್ತೊತ್ತಾಗಿ ಎಳೆಗಳು. ಒಂದೊಂದು ಎಳೆಯಿಂದಲೂ ಇನ್ನೂ ಸಣ್ಣ ಎಳೆಗಳು ಹೊರಟಿವೆ, ಅವುಗಳಲ್ಲಿ ಬರಿಗಣ್ಣಿಗೆ ಕಾಣದಷ್ಟು ಪುಟ್ಟ ಕೊಕ್ಕೆಗಳಿವೆ. ಒಂದರ ಕೊಕ್ಕೆ ಪಕ್ಕದ್ದಕ್ಕೆ ಸಿಕ್ಕಿ ಇಡೀ ಗರಿ ಒತ್ತಾಗಿ ನೇಯ್ದ ಬಟ್ಟೆಯಂತೆ ನಿಲ್ಲುತ್ತದೆ. ಎಳೆಗಳ ನಡುವಿನ ಸಂದಿ ಎಷ್ಟು ಕಿರಿದೆಂದರೆ ನೀರಿನ ಹನಿ ಒಳಗೆ ಇಳಿಯಲಾರದೆ ಮುತ್ತಾಗಿ ಉರುಳಿಹೋಗುತ್ತದೆ. ಬಾಲದ ಬುಡದ ಗ್ರಂಥಿಯಿಂದ ಕೊಕ್ಕಿನಲ್ಲಿ ಎಣ್ಣೆ ತೆಗೆದು ಬಾತು ದಿನವಿಡೀ ಅದನ್ನು ಸವರಿಕೊಳ್ಳುತ್ತದೆ. ಗರಿಯ ಒಳಗೆ ಒಣ ತುಪ್ಪುಳ, ಅದರಲ್ಲಿ ಗಾಳಿ. ಆ ಗಾಳಿಯೇ ಅದನ್ನು ತೇಲಿಸುತ್ತದೆ, ಬೆಚ್ಚಗಿಡುತ್ತದೆ. ಸೋಪು ನೀರಿನ ಬಿಗಿಯನ್ನು ಸಡಿಲಿಸಿದರೆ ನೀರು ನೇರ ಚರ್ಮಕ್ಕೆ ಇಳಿಯುತ್ತದೆ. ಫೆಬ್ರವರಿಯ ರಾತ್ರಿ ಒದ್ದೆ ಮೈಯಲ್ಲಿ ಹಾರಿಹೋದ ಹಕ್ಕಿಗೆ ಏನಾಯಿತೆಂದು ಸೋಪು ಹಾಕಿದವರು ನೋಡುವುದೇ ಇಲ್ಲ.

ಆತ: ತೈಲ ಚೆಲ್ಲಿದಾಗ ಹಕ್ಕಿಗಳನ್ನು ಅದೇ ಸೋಪಿನಲ್ಲಿ ತೊಳೆಯುತ್ತಾರಲ್ಲ?

ಆಕೆ: ತೊಳೆಯುತ್ತೇವೆ. 1971ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಎರಡು ತೈಲ ಹಡಗುಗಳು ಡಿಕ್ಕಿ ಹೊಡೆದು ಸಾವಿರಾರು ಹಕ್ಕಿಗಳು ಎಣ್ಣೆಯಲ್ಲಿ ಮುಳುಗಿದವು. ಇಂಟರ್‌ನ್ಯಾಷನಲ್ ಬರ್ಡ್ ರೆಸ್ಕ್ಯೂ ಸಂಸ್ಥೆ ಹುಟ್ಟಿದ್ದೇ ಆಗ. ಈಗ ಅವರ ಒಂದು ಕೇಂದ್ರ ಇಲ್ಲೇ ಉತ್ತರಕ್ಕೆ ಫೇರ್‌ಫೀಲ್ಡ್‌ನಲ್ಲಿದೆ. ಇಂಥ ಕಡೆ ತೊಳೆಯುವಷ್ಟೇ ಶ್ರದ್ಧೆ ಜಾಲಿಸುವುದರಲ್ಲೂ ಇರುತ್ತದೆ. ಗರಿಯ ಮೇಲೆ ಹನಿ ನಿಲ್ಲದೆ ಉರುಳುವವರೆಗೆ ಬಿಸಿನೀರಿನಲ್ಲಿ ಜಾಲಿಸಬೇಕು. ಒಂಚೂರು ಸೋಪು ಉಳಿದರೂ ಆ ಹಕ್ಕಿಯನ್ನು ನೀರಿಗೆ ಬಿಡುವಂತಿಲ್ಲ. ಜೀವ ಉಳಿಸಲು ಅಷ್ಟು ಎಚ್ಚರದಿಂದ ಬಳಸುವ ವಸ್ತುವನ್ನು ಕೊಳಕ್ಕೆ ಸುರಿದು ಅಪಾಯವಿಲ್ಲ ಅನ್ನುವುದು ಸರಿಯಲ್ಲ. ಅಂಚಿಗೆ ಬಳಿಯುವ ಅಂಟು ಕೂಡ ಬೇಡ. ಬಾತು ತಪ್ಪಿಸಿಕೊಂಡರೂ ನೀರು ಕುಡಿಯಲು ಬಂದ ಪುಟ್ಟ ಹಕ್ಕಿ ಅದಕ್ಕೆ ಅಂಟಿ ಸಾಯುತ್ತದೆ.

ಆತ: ಬೇಡವಾದದ್ದು ತಿಳಿಯಿತು. ಬೇಕಾದದ್ದು?

ಆಕೆ: ಎಲ್ಲಕ್ಕಿಂತ ಮೇಲು ಹೊದಿಕೆ. ಈಜದ ಹೊತ್ತಿನಲ್ಲಿ ನೀರು ಕಾಣಿಸದಿದ್ದರೆ ಬಾತು ಇಳಿಯುವುದೇ ಇಲ್ಲ. ಹೊದಿಕೆ ಅಂಚಿನಿಂದ ಅಂಚಿಗೆ ಬಿಗಿಯಾಗಿರಬೇಕು. ಅರ್ಧ ಸುತ್ತಿಟ್ಟ ಹೊದಿಕೆಯ ಅಡಿಗೆ ನುಗ್ಗಿದ ಪ್ರಾಣಿ ಹೊರಗೆ ಬರಲಾರದು, ಮಗುವಿಗೂ ಅದೇ ಅಪಾಯ. ಮಳೆ ಬಂದಾಗ ಮೇಲೆ ನಿಂತ ನೀರನ್ನು ಪಂಪಿನಿಂದ ತೆಗೆಯಿರಿ, ಇಲ್ಲದಿದ್ದರೆ ಬಾತಿಗೆ ಅದೇ ಇನ್ನೊಂದು ಕೊಳವಾಗುತ್ತದೆ. ಹೇಗೂ ಕೊಳ್ಳುವುದಾದರೆ ಮಗುವಿನ ಭಾರ ತಡೆಯುವ, ಸುರಕ್ಷತೆಯ ಪ್ರಮಾಣಪತ್ರವಿರುವ ಹೊದಿಕೆಯನ್ನೇ ಕೊಳ್ಳಿ. ಹೊಸದಾಗಿ ಕಟ್ಟುವ ಅಥವಾ ಮಾರ್ಪಡಿಸುವ ಮನೆಗೊಳಗಳಿಗೆ ಕ್ಯಾಲಿಫೋರ್ನಿಯದಲ್ಲಿ 2018ರಿಂದ ಏಳು ಬಗೆಯ ಸುರಕ್ಷತಾ ಏರ್ಪಾಡುಗಳಲ್ಲಿ ಎರಡಾದರೂ ಇರಬೇಕೆಂಬ ನಿಯಮವಿದೆ. ಅಂಥ ಹೊದಿಕೆ ಆ ಏಳರಲ್ಲಿ ಒಂದು. ಗುಳ್ಳೆಗುಳ್ಳೆಯ ತೆಳು ಸೋಲಾರ್ ಹಾಳೆ ಬಾತನ್ನು ತಡೆಯುತ್ತದೆ, ನೀರು ಆವಿಯಾಗುವುದನ್ನೂ ತಡೆಯುತ್ತದೆ, ಮಗುವನ್ನು ತಡೆಯುವುದಿಲ್ಲ.

ಆತ: ಒಳ್ಳೆಯ ಹೊದಿಕೆ ಹಾಕಿಸಲು ಸಮಯ ಹಿಡಿಯುತ್ತದೆ. ಅಲ್ಲಿಯವರೆಗೆ?

ಆಕೆ: ಅಲ್ಲಿಯವರೆಗೆ ಆ ಜಾಗದಲ್ಲಿ ನೆಮ್ಮದಿ ಸಿಗದಂತೆ ಮಾಡಿ. ಅವು ಇಳಿದಾಗಲೆಲ್ಲ ಹೊರಗೆ ಬನ್ನಿ, ಚಪ್ಪಾಳೆ ತಟ್ಟಿ, ಕೊಳದ ಸುತ್ತ ನಡೆಯಿರಿ. ಕಲ್ಲೆಸೆಯುವುದು, ಅಟ್ಟಿಸಿಕೊಂಡು ಹೋಗುವುದು ಬೇಡ. ನೀರಿನ ಮೇಲೆ ದೊಡ್ಡ ಚೆಂಡುಗಳನ್ನೋ ಗಾಳಿ ತುಂಬಿದ ಮೊಸಳೆಯನ್ನೋ ತೇಲಿಬಿಡಿ, ದಿನಕ್ಕೊಮ್ಮೆ ಜಾಗ ಬದಲಿಸಿ. ಒಂದೇ ಕಡೆ ನಿಂತರೆ ಮೊಸಳೆಯ ಗತಿಯೂ ಗೂಬೆಯದೇ. ಕೊಳ ತೊಳೆಯುವ ರೋಬಾಟ್ ಇದ್ದರೆ ಬೆಳಿಗ್ಗೆ, ಸಂಜೆ ಓಡಿಸಿ. ಯಾರಾದರೂ ಹತ್ತಿರ ಬಂದೊಡನೆ ನೀರು ಚಿಮ್ಮುವ ಸ್ಪ್ರಿಂಕ್ಲರ್ ಸಿಗುತ್ತದೆ, ಅದನ್ನು ಅವು ಇಳಿಯುವ ದಿಕ್ಕಿಗೆ ತಿರುಗಿಸಿಡಿ. ಚಲನೆ, ಸದ್ದು, ನೀರಿನ ಹೊಡೆತ ಮೂರೂ ಒಟ್ಟಿಗೆ ಬರುವುದರಿಂದ ಅದಕ್ಕೆ ಬೇಗ ಒಗ್ಗಿಕೊಳ್ಳುವುದಿಲ್ಲ.

ಆತ: ಕೊಳದ ಮೇಲೆ ಅಡ್ಡಡ್ಡ ದಾರ ಕಟ್ಟುವುದು?

ಆಕೆ: ಕಟ್ಟಬಹುದು, ಆದರೆ ಮೀನು ಹಿಡಿಯುವ ನೈಲಾನ್ ದಾರ ಬೇಡ. ಅದು ಹಕ್ಕಿಗೆ ಕಾಣುವುದಿಲ್ಲ, ಕಾಲಿಗೆ ರೆಕ್ಕೆಗೆ ಸುತ್ತಿಕೊಂಡು ಕೊಯ್ಯುತ್ತದೆ. ಕಣ್ಣಿಗೆ ಹೊಡೆಯುವ ಬಣ್ಣದ ದಪ್ಪ ಹಗ್ಗ ಕಟ್ಟಿ, ಅದಕ್ಕೆ ಗಾಳಿಗೆ ಪಟಪಟಿಸುವ ಹೊಳೆಯುವ ಪಟ್ಟಿ ಇಳಿಬಿಡಿ. ಇಳಿಯುವ ದಾರಿಗೆ ಅಡ್ಡ ಬಂದದ್ದು ದೂರದಿಂದಲೇ ಕಂಡರೆ ಅವು ಹತ್ತಿರ ಬರುವುದಿಲ್ಲ. ಮಗು ಕೊಳದ ಬಳಿ ಬರುವ ಮುಂಚೆ ಹಗ್ಗ ಬಿಚ್ಚಿಡಿ. ಹಿತ್ತಲಲ್ಲಿ ನೆಲಕ್ಕೆ ತಾಗಿ ಹಬ್ಬಿದ ಐವಿ ಬಳ್ಳಿ, ಒತ್ತಾದ ಪೊದೆಗಳನ್ನು ಈ ವಾರವೇ ಬುಡ ಕಾಣುವಂತೆ ಸವರಿ. ಮೊದಲು ಅಲ್ಲಿ ಬೇರೆ ಹಕ್ಕಿಯ ಗೂಡಿಲ್ಲವೆಂದು ನೋಡಿಕೊಳ್ಳಿ. ಮಲ್ಲಾರ್ಡ್ ಗೂಡು ಮಾಡುವುದು ನೆಲದ ಮೇಲೆ, ಮರೆಯಲ್ಲಿ. ಮರೆಯಿಲ್ಲದ ಹಿತ್ತಲು ಹೆಣ್ಣಿಗೆ ಒಪ್ಪುವುದಿಲ್ಲ. ಬ್ರೆಡ್ಡಿನ ಚೂರು, ಅನ್ನದ ಅಗುಳು ಏನನ್ನೂ ಹಾಕಬೇಡಿ, ಬೀದಿಯವರಿಗೂ ಹೇಳಿ.

ಆತ: ಇಷ್ಟು ದಿನ ಬಿದ್ದ ಹಿಕ್ಕೆಯ ಕಥೆ? ನಮ್ಮದು ಮದ್ದೂರಿನ ಕಡೆ. ಕೊಕ್ಕರೆ ಬೆಳ್ಳೂರಿನಲ್ಲಿ ಹುಣಸೆಮರದ ಮೇಲೆ ಹೆಜ್ಜಾರ್ಲೆ, ಕೊಕ್ಕರೆ ಗೂಡು ಕಟ್ಟುತ್ತವೆ. ಕೆಳಗೆ ಬಿದ್ದ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. ಅಲ್ಲಿ ಅದನ್ನು ಯಾರೂ ಹೊಲಸು ಅನ್ನುವುದಿಲ್ಲ.

ಆಕೆ: ಹೊಲದಲ್ಲಿ ಬೆಳೆಗೆ ಬೇಕಾದ ಸಾರಜನಕವೇ ಕೊಳದಲ್ಲಿ ತೊಂದರೆ ಕೊಡುವುದು. ಅದು ಕ್ಲೋರಿನ್ ಜೊತೆ ಸೇರಿ ಕ್ಲೋರಮೈನ್ ಆಗುತ್ತದೆ. ಕಣ್ಣುರಿ, ಮೂಗಿಗೆ ಹೊಡೆಯುವ ವಾಸನೆ ಬರುವುದು ಅದರಿಂದ. ಕ್ಲೋರಿನ್ ಅಲ್ಲಿ ಖರ್ಚಾಗಿಹೋದರೆ ರೋಗಾಣು ಕೊಲ್ಲಲು ಉಳಿಯುವುದಿಲ್ಲ. ರಂಜಕ ಪಾಚಿಗೆ ಆಹಾರವಾಗುತ್ತದೆ. ಬಾತಿನ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ, ಇ. ಕೋಲಿ, ಕ್ಯಾಂಪಿಲೊಬ್ಯಾಕ್ಟರ್ ಇರಬಹುದು. ಹಾಗೆಂದು ಹೆದರುವುದು ಬೇಡ, ಸರಿಯಾಗಿ ಕ್ಲೋರಿನ್ ಇರುವ ನೀರಿನಲ್ಲಿ ಇವು ಕೆಲವೇ ನಿಮಿಷದಲ್ಲಿ ಸಾಯುತ್ತವೆ. ನೀರಿಗೆ ಹಿಕ್ಕೆ ಬಿದ್ದಾಗ ಯಾರೂ ಇಳಿಯಬಾರದು. ಕೈಗವಸು ಹಾಕಿಕೊಂಡು ಬಲೆಯಿಂದ ಹಿಕ್ಕೆ ತೆಗೆದು, ಕ್ಲೋರಿನ್ ಅನ್ನು 2 ಪಿಪಿಎಮ್‌ಗೆ ಏರಿಸಿ, ಪಿಎಚ್ 7.5 ದಾಟದಂತೆ ನೋಡಿಕೊಂಡು ಅರ್ಧ ಗಂಟೆ ಪಂಪು ಓಡಿಸಿ. ನೀರು 25 ಡಿಗ್ರಿಗಿಂತ ತಣ್ಣಗಿದ್ದರೆ ಇನ್ನೂ ಹೊತ್ತು ಬೇಕು. ಬಲೆಯನ್ನೂ ಅದೇ ನೀರಿನಲ್ಲಿ ಅದ್ದಿಡಿ. 2022ರಿಂದ ಅಮೆರಿಕದ ಕಾಡುಬಾತುಗಳಲ್ಲಿ ಹಕ್ಕಿಜ್ವರ ಹರಡಿದೆ. ಸತ್ತ, ಕಾಯಿಲೆಬಿದ್ದ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಆತ: ಟೆಕ್ಸಾಸ್‌ನಲ್ಲಿರುವ ತಂಗಿಯ ಮನೆಯಲ್ಲಿ ಬೇರೆ ತೊಂದರೆ. ವಸಂತದಲ್ಲಿ ಬಿಳಿಬಿಳಿ ಉಂಡೆಗಳು ಕೊಳದ ತುಂಬ ಬೀಳುತ್ತವೆಯಂತೆ. ಕಪ್ಪು ಹಕ್ಕಿಗಳು ಬಂದು ಹಾಕಿಹೋಗುತ್ತವೆ ಅನ್ನುತ್ತಾಳೆ.

ಆಕೆ: ಅವು ಗ್ರ್ಯಾಕಲ್‌ಗಳು. ಮರಿಗಳ ಹಿಕ್ಕೆ ತೆಳು ಪೊರೆಯ ಚೀಲದೊಳಗೆ ಬರುತ್ತದೆ. ತಾಯಿ ಅದನ್ನು ಕೊಕ್ಕಿನಲ್ಲಿ ಕಚ್ಚಿ ಒಯ್ದು ಗೂಡಿನಿಂದ ದೂರ ಎಸೆಯುತ್ತದೆ. ಗೂಡಿನ ಕೆಳಗೆ ಕೊಳೆ ಬಿದ್ದರೆ ಶತ್ರುವಿಗೆ ಸುಳಿವು ಸಿಗುತ್ತದಲ್ಲ, ಅದಕ್ಕೆ. ಎಸೆಯಲು ಅವು ಹೆಚ್ಚಾಗಿ ನೀರನ್ನೇ ಆರಿಸಿಕೊಳ್ಳುತ್ತವೆ. ಮರಿ ಗೂಡಿನಲ್ಲಿರುವುದು ಎರಡು ವಾರದ ಆಸುಪಾಸು. ಅಷ್ಟು ದಿನ ಕೊಳಕ್ಕೆ ಹೊದಿಕೆ ಹಾಕಲು ಹೇಳಿ. ಗೂಡು ಕೀಳಬಾರದು. ಯಾವ ಹಕ್ಕಿ, ಯಾತಕ್ಕೆ ಬರುತ್ತಿದೆ ಎಂದು ತಿಳಿದರೆ ಉಪಾಯ ತಾನಾಗಿ ಹೊಳೆಯುತ್ತದೆ. ನಿಮ್ಮ ಸೂರಿನಡಿ ಮಣ್ಣಿನ ಗೂಡು ಕಟ್ಟುವ ಕವಲುತೋಕೆ ಹಾರುತ್ತಲೇ ಕೊಳದ ನೀರನ್ನು ಗುಟುಕರಿಸಿ ಹೋಗುತ್ತದೆ. ಅದನ್ನು ಓಡಿಸಬೇಕಾಗಿಯೇ ಇಲ್ಲ, ಸಂಜೆಯ ಹುಳುಗಳನ್ನು ಅದೇ ತಿನ್ನುತ್ತದೆ.

ಆತ: ಕಾನೂನು ಏನನ್ನುತ್ತದೆ? ಹೆದರಿಸಿ ಓಡಿಸುವುದಕ್ಕೂ ಅನುಮತಿ ಬೇಕೇ?

ಆಕೆ: ಗೂಡಿಲ್ಲದ ಬಾತನ್ನು ಗಾಯವಾಗದಂತೆ ಹೆದರಿಸಲು ಅನುಮತಿ ಬೇಡ. ಅನುಮತಿಯಿಲ್ಲದೆ ಹಿಡಿಯುವುದು, ಕೊಲ್ಲುವುದು, ಮೊಟ್ಟೆ ಮುಟ್ಟುವುದು ಅಪರಾಧ. ಅಮೆರಿಕದಲ್ಲಿ ಒಂದು ಕಾಲಕ್ಕೆ ಆಕಾಶ ಮುಚ್ಚುವಷ್ಟಿದ್ದ ಪ್ಯಾಸೆಂಜರ್ ಪಾರಿವಾಳದ ಕೊನೆಯ ಹಕ್ಕಿ 1914ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ಹ್ಯಾಟಿಗೆ ಗರಿ ಸಿಕ್ಕಿಸುವ ಶೋಕಿಗಾಗಿ ಬೆಳ್ಳಕ್ಕಿಗಳ ಗೂಡುನೆಲೆಗಳೇ ಬರಿದಾಗಿದ್ದವು. ಆ ಆಘಾತದ ಕಾಲದಲ್ಲೇ 1916ರಲ್ಲಿ ಕೆನಡಾದ ಪರವಾಗಿ ಬ್ರಿಟನ್ ಜೊತೆ ಒಪ್ಪಂದವಾಯಿತು, 1918ರಲ್ಲಿ ವಲಸೆ ಹಕ್ಕಿಗಳ ಕಾಯ್ದೆ ಬಂತು. ಮಲ್ಲಾರ್ಡ್, ಕೆನಡಾ ಹೆಬ್ಬಾತು, ಕಡಲಕ್ಕಿ, ಕವಲುತೋಕೆ ಎಲ್ಲವೂ ಅದರ ರಕ್ಷಣೆಯಲ್ಲಿವೆ. ಹೊರಗಿನಿಂದ ಬಂದ ಊರುಪಾರಿವಾಳ, ಗುಬ್ಬಚ್ಚಿ, ಸ್ಟಾರ್ಲಿಂಗ್ ಆ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿಲ್ಲ ಅಂದಮಾತ್ರಕ್ಕೆ ಅವಕ್ಕೆ ನೋವಾಗುವುದಿಲ್ಲ ಎಂದಲ್ಲ. ಬಾತಿಗೆ ಹೇಳಿದ ಉಪಾಯಗಳೇ ಅವಕ್ಕೂ ಸಾಕು.

ಆತ: ಇಷ್ಟು ಮಾಡಿಯೂ ಒಂದು ದಿನ ಪೊದೆಯಲ್ಲಿ ಮೊಟ್ಟೆ ಕಂಡರೆ?

ಆಕೆ: ಅಂದಿನಿಂದ ಓಡಿಸುವ ಮಾತು ನಿಲ್ಲಬೇಕು. ಚಪ್ಪಾಳೆಯಿಲ್ಲ, ಸ್ಪ್ರಿಂಕ್ಲರ್ ಇಲ್ಲ. ಗಂಡು ಹೆಚ್ಚು ದಿನ ಇರುವುದಿಲ್ಲ, ಹೆಣ್ಣೊಂದೇ ಕೂರುತ್ತದೆ. ಮಗು, ನಾಯಿ ಅತ್ತ ಹೋಗದಂತೆ ನೋಡಿಕೊಂಡು ಆ ತಿಂಗಳು ಕಾಯಿರಿ. ಆ ಅವಧಿಯಲ್ಲಿ ಕೊಳವನ್ನು ಭದ್ರವಾಗಿ ಮುಚ್ಚಿಡಿ. ಮುಚ್ಚಲಾಗದಿದ್ದರೆ ನೀರಿನಿಂದ ಅಂಚಿಗೆ ಒರಟು ಹಲಗೆಯ ಇಳಿಜಾರು ಕಟ್ಟಿ, ಜಾರದಂತೆ ಹಳೆಯ ಟವೆಲ್ ಸುತ್ತಿ. ಕಪ್ಪೆ, ಅಳಿಲುಗಳಿಗೆಂದು ಮಾಡಿದ ಫ್ರಾಗ್ ಲಾಗ್‌ನಂಥ ತೇಲುವ ಇಳಿಜಾರೂ ಸಿಗುತ್ತದೆ. ಮರಿಗಳು ಕಂಡ ಕೂಡಲೇ ಸ್ಕಿಮ್ಮರಿನ ಪಂಪು ನಿಲ್ಲಿಸಿ, ಬೇಲಿಯ ಬಾಗಿಲು ತೆರೆದಿಟ್ಟು ಮನೆಯವರೆಲ್ಲ ಒಳಗೆ ಹೋಗಿ. ತಾಯಿ ಮರಿಗಳನ್ನು ಕಟ್ಟಿಕೊಂಡು ನಡೆದೇ ಹೋಗುತ್ತದೆ. ನೀವಾಗಿ ಮರಿ ಹಿಡಿಯಲು ಹೋದರೆ ತಾಯಿ ಹೆದರಿ ಹಾರಿಹೋಗಬಹುದು, ಆಮೇಲೆ ಅವು ಅನಾಥ. ಇಳಿಜಾರು ಹತ್ತಲಾರದೆ ಸಿಕ್ಕಿಕೊಂಡಿದ್ದರೆ ಪರವಾನಗಿ ಇರುವ ವನ್ಯಜೀವಿ ಆರೈಕೆಯವರಿಗೆ ಫೋನ್ ಮಾಡಿ.

ಆತ: ಒಂದು ಮಾತು ಮನಸ್ಸಿಗೆ ಚುಚ್ಚುತ್ತದೆ. ನಾನು ಓಡಿಸುತ್ತೇನೆ, ಪಕ್ಕದವರು ಓಡಿಸುತ್ತಾರೆ. ಎಲ್ಲರೂ ಓಡಿಸಿದರೆ ಅವು ಹೋಗುವುದೆಲ್ಲಿಗೆ?

ಆಕೆ: ಕೇಳಲೇಬೇಕಾದ ಪ್ರಶ್ನೆ ಇದು. ಕ್ಯಾಲಿಫೋರ್ನಿಯದ ಜೌಗುಭೂಮಿಯಲ್ಲಿ ಶೇಕಡ 90ಕ್ಕೂ ಹೆಚ್ಚು ಕಳೆದ ಎರಡು ಶತಮಾನಗಳಲ್ಲಿ ಹೊಲವಾಗಿ, ಊರಾಗಿ, ರಸ್ತೆಯಾಗಿ ಹೋಯಿತು. ಬಾತು ನಮ್ಮ ಹಿತ್ತಲಿಗೆ ಬರುವುದರ ಹಿಂದೆ ಆ ನಷ್ಟವೂ ಇದೆ. ಆದರೆ ಫ್ರೀಮಾಂಟಿನಲ್ಲಿರುವ ನಾವು ಅದೃಷ್ಟವಂತರು. ಕಯೋಟಿ ಹಿಲ್ಸ್‌ನ ಜೌಗು ಕಾರಿನಲ್ಲಿ ಹೋದರೆ ತುಸು ದೂರ. ಡಾನ್ ಎಡ್ವರ್ಡ್ಸ್ ವನ್ಯಧಾಮ ಇಲ್ಲೇ ಇದೆ. ಕೊಲ್ಲಿಯ ದಕ್ಷಿಣ ದಂಡೆಯಲ್ಲಿ ಉಪ್ಪು ಬೆಳೆಯುತ್ತಿದ್ದ 15,100 ಎಕರೆಯನ್ನು 2003ರಲ್ಲಿ ಸರ್ಕಾರ ಕೊಂಡುಕೊಂಡು ಮತ್ತೆ ಜೌಗಾಗಿಸುವ ಕೆಲಸ ನಡೆಸಿದೆ. ಹುಳು, ಜೊಂಡು, ಇಳಿಜಾರಿನ ದಡ ಇರುವುದು ಅಲ್ಲಿ. ನಿಮ್ಮ ಜೋಡಿ ಹೋಗಬೇಕಾದ್ದೂ ಅಂಥಲ್ಲಿಗೆ.

ಆತ: ಆ ಕೆಲಸದಲ್ಲಿ ನಮ್ಮದೇನಾದರೂ ಪಾಲು ಇರಲು ಸಾಧ್ಯವೇ?

ಆಕೆ: ಡಕ್ ಸ್ಟ್ಯಾಂಪ್ ಕೊಳ್ಳಿ. 1934ರಿಂದ ಕೇಂದ್ರ ಸರ್ಕಾರ ಹೊರಡಿಸುತ್ತಿದೆ. ಬಾತು ಬೇಟೆಯಾಡುವವರಿಗೆ ಅದು ಕಡ್ಡಾಯ, ಆದರೆ ಯಾರು ಬೇಕಾದರೂ ಕೊಳ್ಳಬಹುದು. ಬೆಲೆ 25 ಡಾಲರ್. ಪ್ರತಿ ಡಾಲರಿನಲ್ಲಿ 98 ಸೆಂಟು ಹಕ್ಕಿಗಳ ನೆಲೆಗಳನ್ನು ಕೊಳ್ಳಲು, ಕಾಪಾಡಲು ಹೋಗುತ್ತದೆ. ಹಿತ್ತಲಿನಿಂದ ಕಳಿಸಿದ ಮೇಲೆ ಇನ್ನೊಂದು ಕಡೆ ಜಾಗ ಮಾಡಿಕೊಡುವುದೂ ನಮ್ಮ ಹೊಣೆ. ಆ ಎರಡನೆಯ ಅರ್ಧವನ್ನು ಮಾಡದಿದ್ದರೆ ಮೊದಲ ಅರ್ಧ ಬರೀ ಸ್ವಾರ್ಥವಾಗುತ್ತದೆ.

ಆತ: ಹಾಗಾದರೆ ಈ ಶನಿವಾರ ಪೊದೆ ಸವರುತ್ತೇನೆ, ಹಗ್ಗ ಕಟ್ಟುತ್ತೇನೆ. ಹೊದಿಕೆಗೆ ಇವತ್ತೇ ಅಳತೆ ಕೊಡುತ್ತೇನೆ. ಮಗಳನ್ನು ಕಯೋಟಿ ಹಿಲ್ಸ್‌ಗೆ ಕರೆದೊಯ್ದು ಬಾತುಗಳನ್ನು ಅಲ್ಲೇ ತೋರಿಸುತ್ತೇನೆ. ಹೆಂಡತಿಯೂ ಒಪ್ಪುತ್ತಾಳೆ.

ಆಕೆ: ಶನಿವಾರದವರೆಗೂ ಬಿಡಬೇಡಿ. ಚಪ್ಪಾಳೆ ನಾಳೆ ಬೆಳಿಗ್ಗೆಯಿಂದಲೇ ಶುರುವಾಗಲಿ. ಪೊದೆಗೆ ಕತ್ತರಿ ಹಾಕುವ ಮುಂಚೆ ಅದರ ಬುಡವನ್ನು ಇನ್ನೊಮ್ಮೆ ನೋಡಿ. ಒಂದೇ ಒಂದು ಮೊಟ್ಟೆ ಕಂಡರೂ ಕತ್ತರಿ ಕೆಳಗಿಟ್ಟು ನನಗೆ ಫೋನ್ ಮಾಡಿ, ಇಳಿಜಾರಿನ ಹಲಗೆ ನಾನೇ ತಂದುಕೊಡುತ್ತೇನೆ.